ಬೆಕ್ಕು ಹೋಗುವಾಗ ನಾನು ಚಹಾ ಕಾಸುತ್ತಿದ್ದೆ

ನಿಮಗೂ ಹೀಗಾಗಿದೆಯಾ, ಹೇಳಿ? ಇರಲೇಬೇಕಾದ ಹೊತ್ತಿನಲ್ಲಿ ಏನೋ ಕೆಲಸದ ನೆಪ ಮಾಡಿ ಒಳಗೆ ಜಾರಿಕೊಂಡಿದ್ದೀರಾ?

ನಮ್ಮದು ಮಸ್ಕಿ. ಬೆಕ್ಕು ಸಂತೆಕಲ್ಲೂರಿನದು. ಮರಿಯಿದ್ದಾಗ ಟಂಟಂ ಆಟೋದಲ್ಲಿ ಅಂಗಿಯೊಳಗೆ ಇಟ್ಟುಕೊಂಡು ತಂದವನು ನಾನೇ. ಅಂದಿನಿಂದ ನನ್ನ ತೊಡೆ ಬಿಟ್ಟರೆ ಅದಕ್ಕೆ ಬೇರೆ ಜಾಗವಿರಲಿಲ್ಲ. ಹೆಂಡತಿ ಮಾತ್ರ ಹಾಲುಗಳ್ಳಿ ಎಂದು ಬೈಯುತ್ತಲೇ ಇದ್ದಳು. ಈ ಬೇಸಿಗೆಯಲ್ಲಿ ಅದರ ಕಿಡ್ನಿ ಕೆಟ್ಟಿತು. ನೀರು ಕುಡಿದರೂ ವಾಂತಿ. ಲಿಂಗಸುಗೂರಿಗೆ ಒಯ್ದು ದನದ ಡಾಕ್ಟರಿಗೆ ತೋರಿಸಿದೆ. "ಇನ್ನ ನರಳಿಸಬ್ಯಾಡ್ರಿ. ಮನಿಗೇ ಬಂದು ಇಂಜೆಕ್ಷನ್ ಕೊಟ್ಟು ಮಲಗಿಸ್ತೀನಿ," ಎಂದರು. ಹೂಂ ಎಂದೆ.

"ಬೆಕ್ಕು ಕೊಂದ ಪಾಪ ಕಾಶಿಗೆ ಹೋದ್ರೂ ತೊಳಿಯಂಗಿಲ್ರಿ," ಎಂದು ಹೆಂಡತಿ ಅತ್ತಳು.

"ಪಾಪ ಬಂದ್ರ ನನಗ ಬರ್ಲಿ. ನಾನೇ ಹಿಡ್ಕೊಂತೀನಿ," ಎಂದೆ, ದೊಡ್ಡ ಗಂಡಸಿನ ಹಾಗೆ.

ಡಾಕ್ಟರು ಬೆಳಿಗ್ಗೆ ಬೈಕಿನಲ್ಲಿ ಬಂದರು. ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಬೆಕ್ಕು ಮಲಗಿತ್ತು. ಅವರು ಸಿರಿಂಜು ತೆಗೆದದ್ದೇ ತಡ, ನನ್ನ ಬಾಯಿಂದ ಬಂತು: "ಸರ, ಮೊದ್ಲ ಚಾ ತಗೋರಿ."

"ಚಾ ಆಮ್ಯಾಲ ಆಗ್ಲಿ. ನೀವು ತಲಿ ಹಿಡೀರಿ."

"ಇಲ್ರೀ, ಮನಿಗೆ ಬಂದೋರ್ನ ಹಂಗ ಕಳ್ಸಬಾರ್ದು," ಎಂದು ಎದ್ದೇಬಿಟ್ಟೆ.

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಹುಟ್ಟಿದಾಗಿಂದ ಒಂದಿನ ಒಲಿ ಹಚ್ಚೀರೇನು ನೀವು?"

ಅವಳ ಪಕ್ಕದಿಂದ ನುಸುಳಿಕೊಂಡು ಒಳಗೆ ಹೋದೆ.

ಬಂದವರಿಗೆ ಚಹಾ ಕೊಡದಿದ್ದರೆ ನಮ್ಮಲ್ಲಿ ಮರ್ಯಾದೆ ಹೋಗುತ್ತದೆ, ಖರೆ. ಆದರೆ ಅವತ್ತು ನನಗೆ ಬೇಕಿದ್ದದ್ದು ಬಚ್ಚಿಟ್ಟುಕೊಳ್ಳಲು ಒಂದು ಗೋಡೆ. ಸಕ್ಕರೆ ಡಬ್ಬಿ ಎಲ್ಲಿದೆಯೋ ಗೊತ್ತಿಲ್ಲ, ಕೂಗಿ ಕೇಳುವ ಧೈರ್ಯವೂ ಇಲ್ಲ. ಹಾಲು ಉಕ್ಕುವುದನ್ನೇ ನೋಡುತ್ತ ನಿಂತೆ.

ಕಪ್ಪು ಹಿಡಿದು ಬರುವಷ್ಟರಲ್ಲಿ ಮುಗಿದಿತ್ತು. ಬೆಕ್ಕಿನ ತಲೆ ಹೆಂಡತಿಯ ತೊಡೆಯ ಮೇಲಿತ್ತು. ಪಾಪಕ್ಕೆ ಹೆದರಿದ್ದವಳೇ ಹಿಡಿದುಕೊಂಡಿದ್ದಳು.

"ಅಡಗಿಮನಿ ಕಡೇನ ನೋಡಾಕತ್ತಿತ್ತು," ಎಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಡಾಕ್ಟರು ಆ ಸಪ್ಪನೆ ಚಹಾವನ್ನು ಪೂರ್ತಿ ಕುಡಿದು ಹೋದರು.

ಈಗ ಹೆಂಡತಿ ಚಹಾ ತಂದುಕೊಟ್ಟಾಗ ಅವಳ ಮುಖ ನೋಡಲಾಗುವುದಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಎದ್ದು ಹೋಗಿದ್ದರೆ ಕೆಳಗೆ ಬರೆಯಿರಿ. ನನಗೆ ಸಮಾಧಾನ ಹೇಳಬೇಡಿ, ನಿಮ್ಮದನ್ನು ಹೇಳಿ. ಕೊನೆಯತನಕ ಕೂತವರಿದ್ದರೆ, ಹೇಗೆ ಕೂತಿರಿ ಅನ್ನುವುದನ್ನೂ ಹೇಳಿ.