ತೊಗರಿ ಮೀಟರಿನ ತೀರ್ಪು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಶುದ್ಧ ಸುಳ್ಳು. ಅದು ಅಷ್ಟು ದೂರವೂ ಹೋಗುವುದಿಲ್ಲ, ನಾಲಿಗೆಯ ಮೇಲೇ ಕೂತಿರುತ್ತದೆ. ಆ ನಾಲಿಗೆಯ ದೆಸೆಯಿಂದ ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಮುದುಕಿಯ ಬಚ್ಚಲು ಒಡೆದುಹೋಗುವುದರಲ್ಲಿತ್ತು.

ನಮ್ಮದು ಬೀದರಿನ ಹಳೇ ಊರಿನ ಕೆಂಪು ಜಂಬಿಟ್ಟಿಗೆ ಕಲ್ಲಿನ ಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆಚೆ ಇರುವವನು ಹೊಲಿಗೆ ಮಷಿನ್ ರಿಪೇರಿ ಮಾಡುತ್ತಾನೆ. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ನಮ್ಮಂಥದೇ ಕನ್ನಡ. ಅವನ ತಾಯಿಯನ್ನು ಓಣಿಯೆಲ್ಲ ಅಮ್ಮಾಜಾನ್ ಎನ್ನುತ್ತದೆ. ಚಳಿಗಾಲದಲ್ಲಿ ಜಾರಿ ಬಿದ್ದು ಅವರ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆದ ಮೇಲೆ, ಅಂಗಳದ ಕೊನೆಯಲ್ಲಿ ಮೂರು ಮೆಟ್ಟಿಲು ಇಳಿದು ಹೋಗಬೇಕಾದ ಹಳೇ ಬಚ್ಚಲು ಅವರ ಪಾಲಿಗೆ ಮುಗಿದೇ ಹೋಯಿತು. ಮಗ ಅವರ ಮಂಚದ ಪಕ್ಕದಲ್ಲೇ, ನಡುಗೋಡೆಗೆ ಹೊಂದಿಸಿ, ಹೊಸ ಬಚ್ಚಲು ಕಟ್ಟಿಸಿದ. ಕೂರಲು ಕಮೋಡು, ಹಿಡಿಯಲು ಸ್ಟೀಲಿನ ಸರಳು. ಅಮ್ಮಾಜಾನ್ ಯಾರ ಕೈಯನ್ನೂ ಹಿಡಿಯದೆ ತಾವೇ ಸ್ನಾನ ಮಾಡಿ ಬಂದ ದಿನ ಓಣಿಗೆಲ್ಲ ಖೀರು ಹಂಚಿದ್ದರು.

ಅದೇ ಬೇಸಿಗೆಯಲ್ಲಿ ನಾವು ಒಳಕೋಣೆಯ ಹಳೇ ಅಲಮಾರು ತೆಗೆದು, ಅದು ನಿಂತಿದ್ದ ನಡುಗೋಡೆಗೆ ಬಣ್ಣ ಹೊಡೆಸಿದ್ದೆವು. ಮಳೆ ಹಿಡಿದ ಎರಡೇ ವಾರಕ್ಕೆ ಅಲ್ಲಿ ಎದೆಯೆತ್ತರದವರೆಗೆ ಕಪ್ಪು ಕಲೆ ಎದ್ದಿತು. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರಿತು. ಮುಟ್ಟಿದರೆ ಕೈಗೆ ತಣ್ಣಗಿನ ತೇವ, ಜೊತೆಗೆ ಬಿಳಿ ಪುಡಿ. ಇನ್ನೇನು ಬೇಕು? ಗೋಡೆಯಾಚೆ ಹೊಸ ಬಚ್ಚಲು, ಈಚೆ ಹೊಸ ಕಲೆ. ನಾನು ತೀರ್ಮಾನ ಮಾಡಿಬಿಟ್ಟೆ.

ತೀರ್ಮಾನಕ್ಕೆ ಸಾಕ್ಷಿ ಒದಗಿಸಿದವನು ನನ್ನ ತಮ್ಮ. ಅವನು ಭಾಲ್ಕಿಯ ಅಡತಿ ಅಂಗಡಿಯಲ್ಲಿ ತೊಗರಿ ಪರೀಕ್ಷೆ ಮಾಡುವವನು. ಹಿಡಿ ಕಾಳನ್ನು ಮೀಟರಿನ ಬಟ್ಟಲಿಗೆ ಹಾಕಿ ಒತ್ತಿದರೆ ಎಷ್ಟು ಹಸಿ ಇದೆಯೆಂದು ಅಂಕಿ ಬರುತ್ತದೆ. ಆ ಮೀಟರನ್ನೇ ತರಿಸಿದೆ. ಕಲೆಯ ಜಾಗದ ಗಾರೆ ಕೆರೆದು ಬಟ್ಟಲಿಗೆ ತುಂಬಿದ.

"ಅಕ್ಕಾ, ತೊಗರಿ ಹನ್ನೆರಡರ ಮ್ಯಾಲ ಬಂದ್ರ ನಾವು ಮುಟ್ಟಂಗಿಲ್ಲ. ನಿನ್ನ ಗ್ವಾಡಿ ಇಪ್ಪತ್ತಾರು ಅದ! ಈ ಮಾಲು ಯಾರೂ ತೊಗೊಳ್ಳಂಗಿಲ್ಲ," ಎಂದು ನಕ್ಕ. ಎದುರಿನ ಒಣ ಗೋಡೆಯ ಪುಡಿ ಏಳು ತೋರಿಸಿತು.

ನಾನು ನಗಲಿಲ್ಲ. ನೇರ ಪಕ್ಕದ ಮನೆಯ ಬಾಗಿಲಿಗೆ ಹೋಗಿ, ಮಂಚದ ಮೇಲಿದ್ದ ಅಮ್ಮಾಜಾನ್ ಅವರಿಗೂ ಕೇಳುವ ಹಾಗೆ ಒದರಿದೆ. "ನಿಮ್ಮ ಬಚ್ಚಲ ನೀರು ನಮ್ಮ ಗ್ವಾಡಿ ತಿನ್ಲಿಕತ್ತದ! ಮೀಟರೇ ಹೇಳ್ಯಾದ!"

ಅವನು ಜಗಳ ತೆಗೆದಿದ್ದರೆ ನನಗೆ ಸುಲಭವಾಗುತ್ತಿತ್ತು. ತೆಗೆಯಲಿಲ್ಲ. "ಟೀಚರಮ್ಮಾ, ನಿಮ್ಮ ಮನಿ ಕೆಡಿಸಿ ನಾವು ಹ್ಯಾಂಗ ಸುಮ್ನ ಇರೋದ್ರಿ? ಬಚ್ಚಲ ಕಟ್ಟಿದ ಗೌಂಡಿ ಈಗ ಕೊಳಾರದಾಗ ಕೆಲಸಕ್ಕ ಹೋಗ್ಯಾನ. ಬಂದ ಕೂಡ್ಲೇ ನೆಲದ ಫರಸಿ ಒಡಸಿ ನೋಡ್ತೇನ್ರಿ," ಎಂದ.

"ಒಡದ ಮ್ಯಾಲ ಅಮ್ಮಾಜಾನ್ ಏನ್ ಮಾಡಬೇಕು?" ಎಂದು ಹೇಗೋ ಬಾಯಿಂದ ಬಂತು.

"ಹೊತ್ಗೊಂಡು ಅಂಗಳಕ್ಕ ಒಯ್ತೇನ್ರಿ. ಹೆತ್ತಾಕಿ ಅದಾಳ," ಎಂದ. ಅವನ ಹೆಂಡತಿ ತನ್ನ ತಾಯಿಯ ಆರೈಕೆಗೆಂದು ಔರಾದಿಗೆ ಹೋಗಿದ್ದಳು. ಮನೆಯಲ್ಲಿ ಅವರಿಬ್ಬರೇ.

ಗೌಂಡಿ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ನನ್ನ ಸಿಟ್ಟು ಇಳಿದು ಕಸಿವಿಸಿ ಏರಿತು. ನಡುವೆ ಮಳೆ ಹೊಳವಾಗಿ ನಾಲ್ಕು ದಿನ ಸುಡು ಬಿಸಿಲು ಬಿತ್ತು. ನೋಡಿದರೆ ಕಲೆ ಮಾಯ, ಗೋಡೆ ಒಣಗಿ ಬೆಳ್ಳಗಾಗಿದೆ! ಬಚ್ಚಲ ನೀರೇ ಆಗಿದ್ದರೆ ಅದಕ್ಕೆ ಬಿಸಿಲೇನು, ಮಳೆಯೇನು?

ಮನೆಯವರು ಚಹಾ ಕುಡಿಯುತ್ತ ಚುಚ್ಚಿದರು. "ಭಾಲ್ಕಿ ತನಕ ಹೋಗಿ ಮಕ್ಕಳಿಗಿ ಸೈನ್ಸ್ ಕಲಸ್ತಿ. ಪ್ರಯೋಗ ಮಾಡದೆ ಏನೂ ನಂಬಬ್ಯಾಡ್ರಿ ಅಂತಿ. ಮನ್ಯಾಗ ಮಾತ್ರ ತಮ್ಮ ಹೇಳಿದ್ದೇ ವೇದ."

ಮೈ ಉರಿಯಿತು, ಆದರೆ ಮಾತು ನಿಜವಾಗಿತ್ತು. ಒಣಗಿದ್ದ ಗೋಡೆಗೆ ಪುಸ್ತಕದಗಲದ ಪ್ಲಾಸ್ಟಿಕ್ ಹಾಳೆ ಇಟ್ಟು, ನಾಲ್ಕೂ ಕಡೆ ಗಾಳಿಯಾಡದಂತೆ ಟೇಪು ಹಚ್ಚಿದೆ. ನೀರು ಗೋಡೆಯ ಒಳಗಿಂದ ಬರುತ್ತಿದ್ದರೆ ಹಾಳೆಯ ಹಿಂದೆ ತೇವ ನಿಲ್ಲಬೇಕು. ಶುಕ್ರವಾರ ಮತ್ತೆ ಮಳೆ ಶುರುವಾಯಿತು. ಶನಿವಾರ ಸಂಜೆ ಸುತ್ತ ಗೋಡೆಯೆಲ್ಲ ಕಪ್ಪಾಗಿತ್ತು, ಹಾಳೆಯ ಹಿಂದೆ ಮಾತ್ರ ಒಣಗಿದ ಬಿಳಿ ಚೌಕ. ಅಯ್ಯ ನನ್ನ ಕರ್ಮವೇ! ತೇವ ಆಚೆಯಿಂದ ಬರುತ್ತಿರಲಿಲ್ಲ, ನಮ್ಮ ಕೋಣೆಯ ಗಾಳಿಯಿಂದಲೇ ಬರುತ್ತಿತ್ತು.

ಆದರೆ ಆ ಗೋಡೆಯೊಂದೇ ಯಾಕೆ ಗಾಳಿಯ ಹಸಿ ಕುಡಿಯಬೇಕು? ಮನೆಯವರು ಕಲೆಯ ಎತ್ತರವನ್ನು ಕೈಯಿಂದ ಅಳೆದು ನೋಡಿ, "ಅಪ್ಪ ಇಲ್ಲೇ ಗೊಬ್ಬರದ ಚೀಲ ಒಟ್ತಿದ್ದ," ಎಂದರು. ಕಮಠಾಣದ ಹೊಲಕ್ಕೆ ಬಿತ್ತನೆಗೆ ಮುಂಚೆ ತರುತ್ತಿದ್ದ ಸರಕಾರಿ ಗೊಬ್ಬರ, ಎಂದರೆ ಯೂರಿಯಾದಂಥ ರಾಸಾಯನಿಕ ಗೊಬ್ಬರವದು. ನಾನು ಸೊಸೆಯಾಗಿ ಬರುವ ಮೊದಲು ವರ್ಷಾನುಗಟ್ಟಲೆ ಅದೇ ಮೂಲೆಯಲ್ಲಿ ಇಡುತ್ತಿದ್ದರಂತೆ. ಹರಿದ ಚೀಲಗಳಿಂದ ಸೋರಿದ ಗೊಬ್ಬರದ ಉಪ್ಪನ್ನೆಲ್ಲ ಜಂಬಿಟ್ಟಿಗೆ ಕುಡಿದು ಕೂತಿದೆ. ಮುಂದೆ ಅಲಮಾರು ಇದ್ದದ್ದರಿಂದ ಯಾರಿಗೂ ಕಂಡಿರಲಿಲ್ಲ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪು ನೀರೊಡೆಯುವುದನ್ನು ದಿನಾ ನೋಡುವವಳು ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಆದರೂ ಈ ಸಲ ತೀರ್ಮಾನಕ್ಕೆ ಅವಸರ ಮಾಡಲಿಲ್ಲ. ಕಲೆಯ ಪುಡಿ ಒಂದು ಸ್ಟೀಲಿನ ಚಹಾ ಬಸಿಯಲ್ಲಿ, ಎದುರಿನ ಗೋಡೆಯ ಪುಡಿ ಇನ್ನೊಂದರಲ್ಲಿ ಹಾಕಿ, ಎರಡನ್ನೂ ಒಲೆಯ ಮೇಲೆ ಕಾಯಿಸಿ ಪೂರ್ತಿ ಒಣಗಿಸಿ ಕಿಟಕಿಯಲ್ಲಿಟ್ಟೆ. ರವಿವಾರ ಬೆಳಿಗ್ಗೆ ಎದ್ದು ನೋಡಿದರೆ ಎದುರಿನ ಗೋಡೆಯದರಲ್ಲಿ ಒಣ ಪುಡಿ, ಕಲೆಯದರಲ್ಲಿ ಹಸಿ ಕೆಸರು. ಮೀಟರ್ ಸುಳ್ಳು ಹೇಳಿರಲಿಲ್ಲ. ಹಸಿ ಇದೆ ಎಂದಷ್ಟೇ ಅದು ಹೇಳಿತ್ತು. ಎಲ್ಲಿಂದ ಬಂತು ಎಂಬುದನ್ನು ಸೇರಿಸಿದವಳು ನಾನು.

ಅಷ್ಟರಲ್ಲಿ ಗೋಡೆಯಾಚೆ ಉಳಿಯ ಮೇಲೆ ಸುತ್ತಿಗೆ ಬಿದ್ದ ಸದ್ದು ಕೇಳಿತು.

ಎರಡೂ ಬಸಿ ಕೈಯಲ್ಲಿ ಹಿಡಿದು, ಕಾಲಿಗೆ ಚಪ್ಪಲಿಯೂ ಇಲ್ಲದೆ ಓಡಿದೆ. "ನಿಲ್ಲಸ್ರಿ! ಒಡೀಬ್ಯಾಡ್ರಿ! ತಪ್ಪು ನಮ್ದೇ ಅದ!" ಗೌಂಡಿ ಕೈ ತಡೆದ. ಒಂದು ಫರಸಿಯ ಮೂಲೆ ಮಾತ್ರ ಹಾರಿತ್ತು. ಅದನ್ನು ನೋಡಿ ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಉಸಿರು ಬಿಡದೆ ಎಲ್ಲ ಹೇಳಿ, ಬಸಿಗಳನ್ನು ಮುಂದೆ ಹಿಡಿದು, ತಪ್ಪಾಯಿತು ಎಂದೆ. ಗೌಂಡಿ ಹಸಿ ಪುಡಿಯನ್ನು ಬೆರಳಲ್ಲಿ ಉಜ್ಜಿ, "ಹಳೇ ಗಾರಿ ಕೆತ್ತಿ, ಹಸಿ ಮಣ್ಣು ಮೆತ್ತಿ ಒಣಗಿಸಿ ಕೆರೀಬೇಕ್ರಿ. ನಾಕೈದು ಸಲ ಮಾಡಿದ್ರ ಉಪ್ಪು ಮಣ್ಣಿಗಿ ಬರ್ತದ," ಎಂದ. ಮಗ ತಲೆಯ ಮೇಲಿನ ಹೊರೆ ಇಳಿದವನ ಹಾಗೆ ಅಲ್ಲೇ ಕೂತುಬಿಟ್ಟ.

ಅಂಗಳದ ಕುರ್ಚಿಯಲ್ಲಿದ್ದ ಅಮ್ಮಾಜಾನ್ ಮೆಲ್ಲಗೆ ಕೇಳಿದರು. "ಹಂಗಾರ ಬೇಟಿ, ಇನ್ನ ನಾ ಮೈಮ್ಯಾಲ ನೀರು ಹಾಕ್ಕೋಬಹುದಾ?"

ನನಗೆ ಅರ್ಥವಾಗಲಿಲ್ಲ. "ಯಾಕ್ರಿ, ಇಷ್ಟು ದಿನ ಹಾಕ್ಕೊಂಡಿಲ್ಲೇನು?"

"ನೀ ಬಂದು ಒದರಿದ ದಿನದಿಂದ ಹಸಿ ಬಟ್ಟಿಲೇ ಒರಸ್ಕೋತೀನಿ. ನಿನ್ನ ಗ್ವಾಡಿ ಕೆಡ್ತದಲ್ಲ."

ಮಗನಿಗೂ ಗೊತ್ತಿರಲಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು, ಸ್ನಾನವಾಯಿತೆಂದೇ ಅವನು ತಿಳಿದಿದ್ದ. ಮೂರು ವಾರ! ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಗೌಂಡಿಯ ಎದುರಿಗೇ, ಅತ್ತೆ.

ಆಮೇಲೆ ಎದ್ದು ಅವರ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ನೀರಿಟ್ಟೆ. ಅಮ್ಮಾಜಾನ್ ಸರಳು ಹಿಡಿದು ಒಳಗೆ ಹೋಗಿ ಕೂತರು. ನಡುಗೋಡೆಗೆ ಬೆನ್ನು ಕೊಟ್ಟು ನಿಂತು, ಅವರ ತಲೆಯ ಮೇಲಿಂದ ತಂಬಿಗೆ ತಂಬಿಗೆ ಬಿಸಿನೀರು ಸುರಿದೆ.

"ಬಸ್ ಬೇಟಿ, ಬಸ್! ಗ್ವಾಡಿಗಿ ಸಿಡೀಲಿಕತ್ತದ!"

"ಸಿಡೀಲಿ ಬಿಡ್ರಿ. ಸುಮ್ನ ಕೂಡ್ರಿ, ಇನ್ನೂ ಒಂದು ಬಕೀಟು ಅದ," ಎಂದೆ.