ಗೋಣಿಪಟ್ಟಿಯಲ್ಲಿ ನಿಂತ ಹುಡುಗಿ

ಜಗಳೂರಿನ ಮನೆಗೆ ಸಾಮಾನು ಇಳಿಸಿದ ದಿನ ಬಟ್ಟೆಯ ಟ್ರಂಕಿನ ತಳದಿಂದ ಒಂದು ಗೋಣಿಪಟ್ಟಿ ಹೊರಬಂತು. ಲಾರಿಯ ಆಳು ಅದನ್ನು ಕಾಲೊರೆಸುವ ಚೀಲ ಎಂದುಕೊಂಡು ಬಾಗಿಲಲ್ಲಿ ಹಾಸಿಬಿಟ್ಟ. ನಾನು ಓಡಿಹೋಗಿ ಎತ್ತಿಕೊಂಡೆ.

"ಅಮ್ಮಾರೆ, ಹಳೇದು ಕಣ್ರಿ ಅದು. ನಡುವೆ ತೂತು ಬೇರೆ ಬಿದ್ದೈತೆ" ಎಂದ.

ಬಿದ್ದ ತೂತಲ್ಲ ಅದು, ಬೇಕೆಂದೇ ಕತ್ತರಿಸಿ ಸುತ್ತ ಹೊಲಿಗೆ ಹಾಕಿದ್ದು. ಒಬ್ಬ ಹುಡುಗಿಯ ಕಾಲು ಇಳಿಬಿಡುವುದಕ್ಕೆ. ಲಾರಿಯ ಆಳಿಗೆ ಅದನ್ನೆಲ್ಲ ಹೇಗೆ ಹೇಳುವುದು? ಮಡಿಚಿ ಮತ್ತೆ ಟ್ರಂಕಿಗೆ ಹಾಕಿದೆ. ಈಗ, ಈ ವಯಸ್ಸಿನಲ್ಲಿ, ಹೇಳಬೇಕು ಅನಿಸುತ್ತಿದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಯಜಮಾನರು ನ್ಯಾಮತಿಯಲ್ಲಿ ದನದ ಡಾಕ್ಟರು. ಆಸ್ಪತ್ರೆಗೆ ಅಂಟಿಕೊಂಡೇ ನಮ್ಮ ಕ್ವಾರ್ಟರ್ಸ್. ಮುಂದೆ ಉದ್ದನೆಯ ವರಾಂಡ, ಅದರ ಮುಂದೆ ಮೊಣಕಾಲೆತ್ತರದ ಗೋಡೆ, ಗೋಡೆಯಾಚೆ ಸಂತೆಗೆ ಹೋಗುವ ದಾರಿ. ನಾನು ಚನ್ನಗಿರಿಯಲ್ಲಿ ಹುಟ್ಟಿ, ಬೋರ್ಡಿಂಗಿನಲ್ಲಿದ್ದು ಕಾನ್ವೆಂಟಿನಲ್ಲಿ ಓದಿದವಳು. ನ್ಯಾಮತಿಯಲ್ಲಿ ನನ್ನ ಇಂಗ್ಲಿಷನ್ನು ಯಾರ ಮೇಲೆ ಪ್ರಯೋಗ ಮಾಡುವುದು? ಮಧ್ಯಾಹ್ನವೆಲ್ಲ ವರಾಂಡದಲ್ಲಿ ಕೂತು ಕ್ರೋಶ ಹಾಕುತ್ತಿದ್ದೆ. ನಮಗೆ ಮಕ್ಕಳಿರಲಿಲ್ಲ. ಅದು ಬೇರೆಯೇ ಮಾತು.

ಒಂದು ಸಂತೆಯ ದಿನ ಆ ಹೆಂಗಸು ಬಂದಳು. ಬೆನ್ನಿನ ಮೇಲೆ ಹನ್ನೆರಡರ ಆಸುಪಾಸಿನ ಮಗಳು, ಹಳೆಯ ಸೀರೆಯಲ್ಲಿ ತಾಯಿಯ ಸೊಂಟಕ್ಕೆ ಬಿಗಿದದ್ದು. ತಾಯಿಗೆ ಇನ್ನೂ ಮೂವತ್ತೂ ಆಗಿರಲಿಕ್ಕಿಲ್ಲ. ಹೊನ್ನಾಳಿ ರಸ್ತೆಯ ಯಾವುದೋ ಹಳ್ಳಿ. ಗಂಡ ದಾವಣಗೆರೆಯ ಮಿಲ್ಲಿನಲ್ಲಿ. ಹಬ್ಬಕ್ಕೆ ಬಂದು ಹೋಗುವವನು. ಮನೆಯಲ್ಲಿ ಅತ್ತೆ, ಇವಳು, ಈ ಹುಡುಗಿ. ಆಸ್ಪತ್ರೆ ಎಂದು ಯಾರೋ ಕೈ ತೋರಿಸಿದ್ದಾರೆ, ಇವಳು ನೇರ ನಮ್ಮವರ ಮುಂದೆ ಬಂದು ಮಗಳನ್ನು ಇಳಿಸಿದಳು.

"ತಾಯಿ, ನಾನು ದನದ ಡಾಕ್ಟ್ರು" ಎಂದರು ಅವರು, ಸಂಕೋಚದಿಂದ.

ಅವಳು ಅತ್ತಿತ್ತ ನೋಡಿದಳು. ಕಂಬಕ್ಕೆ ಕಟ್ಟಿದ ಎಮ್ಮೆ ಆಗ ಕಣ್ಣಿಗೆ ಬಿತ್ತೇನೋ. ಆದರೆ ಹೊರಡಲಿಲ್ಲ.

"ಆಗ್ಲಿ ಬಿಡ್ರಿ. ದನ ಎಲ್ಲಿ ನೋವೈತೆ ಅಂತ ಬಾಯಿಬಿಟ್ಟು ಹೇಳುತ್ತಾ? ನೀವು ನೋಡಿ ತಿಳ್ಕೊಳ್ಳಲ್ವಾ? ಇವ್ಳೂ ಹೇಳಲ್ರಿ. ಒಂದ್ಸಲ ನೋಡ್ರಿ."

ನಮ್ಮವರು ನಗಲಿಲ್ಲ. ಕೈ ತೊಳೆದುಕೊಂಡು ಬಂದು ನಿಜವಾಗಿಯೂ ನೋಡಿದರು. ಹುಡುಗಿಯ ಕೈಕಾಲು ಒಣಗಿದ ಬಳ್ಳಿಯ ಹಾಗೆ ತಿರುಚಿಕೊಂಡಿದ್ದವು. ಮಾತಿಲ್ಲ. ಇಡೀ ಮೈಯಲ್ಲಿ ಕತ್ತೊಂದೇ ಅವಳ ಅಂಕೆಯಲ್ಲಿದ್ದದ್ದು. ಆ ಕತ್ತನ್ನು ತಿರುಗಿಸಿ ತಿರುಗಿಸಿ ದಾರಿಯಲ್ಲಿ ಹೋಗುವ ಗಾಡಿ, ಜನ, ಬುಟ್ಟಿ, ನಾಯಿ ಎಲ್ಲವನ್ನೂ ನೋಡುತ್ತಿದ್ದಳು.

"ಇದಕ್ಕೆ ನನ್ನ ಹತ್ರ ಔಷಧಿ ಇಲ್ಲಮ್ಮ. ದೊಡ್ಡಾಸ್ಪತ್ರೆಗೆ..."

"ಹೊನ್ನಾಳಿ ಆತು, ಶಿವಮೊಗ್ಗ ಆತು, ದೇವ್ರು ದಿಂಡ್ರು ಎಲ್ಲಾ ಆತ್ರಿ. ಔಷಧಿ ಬ್ಯಾಡ ಬಿಡ್ರಿ." ಆಮೇಲೆ ನನ್ನ ಕಡೆ ತಿರುಗಿದಳು. "ಅಕ್ಕಾರೆ, ಸಂತೆ ಮುಗ್ಸಿ ಬರೋತನಕ ಇವ್ಳನ್ನ ಇಲ್ಲಿ ಬಿಟ್ಟು ಹೋಗ್ಲಾ?"

ನಾನು ಹೂಂ ಎಂದೆ. ಅವಳು ಗೇಟು ದಾಟಿ ಹೋಗುವುದನ್ನು ನೋಡುತ್ತಿದ್ದೆ. ಬೆನ್ನ ಮೇಲೆ ಏನೂ ಇಲ್ಲ, ಆದರೂ ಮುಂದಕ್ಕೆ ಬಾಗಿ, ಒಂದು ಕೈ ಹಿಂದಕ್ಕೆ ಕೊಟ್ಟುಕೊಂಡೇ ನಡೆಯುತ್ತಿದ್ದಳು.

ಬರುವಾಗ ಚೀಲದಲ್ಲಿ ಒಂದಿಷ್ಟು ಒಣಮೆಣಸಿನಕಾಯಿ ಬಿಟ್ಟರೆ ಏನೂ ಇರಲಿಲ್ಲ. "ಇಷ್ಟು ಹೊತ್ತು ಏನು ಮಾಡಿದೆಯಮ್ಮ?" ಎಂದರೆ ನಾಚಿಕೊಂಡು ಎರಡೂ ಕೈ ಮುಂದೆ ಚಾಚಿದಳು. ಮುಂಗೈ ತುಂಬ ಹಸಿರು ಬಳೆ.

"ಎರಡೂ ಕೈಗೆ ಒಟ್ಟಿಗೇ ಹಾಕಿಸ್ಕೊಂಡೆ ಅಕ್ಕಾರೆ. ಇವ್ಳು ಹುಟ್ಟಿದ ಮ್ಯಾಲೆ ಒಂದು ಕೈ ಇವ್ಳಿಗೇ ಆಗಿತ್ತಲ್ರಿ. ಬಳೆಗಾರಮ್ಮನ ಮುಂದೆ ಒಂದೊಂದೇ ಕೈ ನೀಡ್ತಿದ್ದೆ."

ಹಾಗೆ ಶುರುವಾಯಿತು. ಅವಳು ಯಾರಿಗೋ ಹೇಳಿದಳು, ಅವರು ಇನ್ಯಾರಿಗೋ. ಮುಂದಿನ ಮಳೆಗಾಲದ ಹೊತ್ತಿಗೆ ಸಂತೆಯ ದಿನ ನಮ್ಮ ವರಾಂಡದಲ್ಲಿ ಅಂಥ ಮಕ್ಕಳ ಒಂದು ಗುಂಪೇ ಕೂಡುತ್ತಿತ್ತು. ಪೋಲಿಯೊ ಆದವರು, ಕಣ್ಣು ಕಾಣದವರು, ಕಿವಿ ಕೇಳದವಳೊಬ್ಬಳು, ದೊಡ್ಡವಳಾದರೂ ಮೂರು ವರ್ಷದ ಬುದ್ಧಿಯವಳೊಬ್ಬಳು. ನಾವು ಬೋರ್ಡಿಂಗಿನಲ್ಲಿದ್ದಾಗ ಕ್ರಿಸ್‌ಮಸ್ಸಿಗೆ ಸಿಸ್ಟರ್ ನಮ್ಮನ್ನು ಇಂಥ ಮಕ್ಕಳ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ಸಾಲಾಗಿ ನಿಂತು ಸ್ವೀಟ್ಸ್ ಹಂಚಿ, ಹಾಡಿ, ವಾಪಸು ಬಂದು ಸೋಪು ಹಾಕಿ ಕೈ ತೊಳೆಯುತ್ತಿದ್ದೆವು. ಚಾರಿಟಿ. ಅಷ್ಟು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿದ್ದ ಒಂದೇ ಪಾರ್ಟಿ ಗೇಮ್ ಪಾಸಿಂಗ್ ದಿ ಪಾರ್ಸೆಲ್, ಸಂಗೀತ ನಿಲ್ಲುವತನಕ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸುವ ಆಟ. ಬಟ್ಟೆಯ ಉಂಡೆ ಮಾಡಿ ಅದನ್ನೇ ಆಡಿಸಿದೆ. ಸಂಗೀತದ ಬದಲು ದನದ ಕೊರಳಗಂಟೆ. ಗಂಟೆ ನಿಂತದ್ದು ಕಿವಿ ಕೇಳದವಳಿಗೆ ಹೇಗೆ ತಿಳಿಯಬೇಕು? ಅವಳಿಗಾಗಿ ಟವೆಲ್ ಬೀಸುತ್ತಿದ್ದೆ. ಉಂಡೆ ಕೈ ಸೇರಿದವರು ನಗುವುದು, ಸೇರದವರು ಅದಕ್ಕಿಂತ ಜೋರಾಗಿ ನಗುವುದು. ಕಂಬದ ಹತ್ತಿರದ ಎಮ್ಮೆಗಳು ಕಿವಿ ನಿಮಿರಿಸಿ ನೋಡುತ್ತಿದ್ದವು.

ಪಕ್ಕದ ಮನೆಯ ಕಾಂಪೌಂಡರ ಹೆಂಡತಿ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಮೊಣಕೈ ಊರಿ ನಿಲ್ಲುತ್ತಿದ್ದಳು. "ಏನ್ ಅಮ್ಮೋರೆ, ದನದಾಸ್ಪತ್ರೆ ಸಾಲ್ದು ಅಂತ ಮಕ್ಕಳ ದೊಡ್ಡೀನೂ ತೆಗೆದ್ರಾ? ಬಿಡಿಸ್ಕೊಂಡು ಹೋಗೋರು ದಂಡ ಕಟ್ಟಬೇಕಾ?"

"ನೀವು ಬನ್ನಿ, ನಿಮ್ಮನ್ನೂ ಕಟ್ಟಿ ಹಾಕ್ತೀನಿ" ಎಂದರೆ, "ನನ್ನನ್ನ ಬಿಡಿಸ್ಕೊಳ್ಳಾಕೆ ನಮ್ಮನೆಯವ್ರು ಬರ್ತಾರೇನ್ರಿ? ಇಲ್ಲೇ ಇರ್ಲಿ ಅಂತಾರೆ" ಎಂದು ತಾನೇ ನಗುತ್ತಿದ್ದಳು.

ಆದರೆ ನಮ್ಮ ಮೊದಲ ಹುಡುಗಿಗೆ ಉಂಡೆ ಹಿಡಿಯಲು ಕೈಯಿಲ್ಲ. ಚಾಪೆಯ ಮೇಲೆ ಮಲಗಿಸಿದರೆ ಗೋಡೆ ಅಡ್ಡ ಬಂದು ದಾರಿಯೂ ಕಾಣುವುದಿಲ್ಲ. ಕತ್ತು ಎತ್ತಿ ಎತ್ತಿ ಸೋತುಹೋಗುತ್ತಿದ್ದಳು. ನಮ್ಮವರು ಆಸ್ಪತ್ರೆಯಲ್ಲಿ ಏಳಲಾರದೆ ಬಿದ್ದ ದನಗಳನ್ನು, ಹೊಟ್ಟೆಯ ಕೆಳಗೆ ಗೋಣಿಪಟ್ಟಿ ಕೊಟ್ಟು, ತೊಲೆಗೆ ಹಗ್ಗ ಬಿಗಿದು ಎತ್ತಿ ನಿಲ್ಲಿಸುತ್ತಿದ್ದರು. ಒಂದು ದಿನ ಅದೇ ಪಟ್ಟಿಯೊಂದನ್ನು ತಂದು, "ಏನೇ, ನಿನ್ನ ಹೊಲಿಗೆ ಮಷೀನಿಗೆ ಗೋಣಿ ಹೊಲಿಯಕ್ಕಾಗುತ್ತಾ?" ಎಂದರು. ಆಗಲಿಲ್ಲ. ದಬ್ಬಳದಲ್ಲಿ ಕೈಯಿಂದಲೇ ಹೊಲಿದೆ. ಕಾಲಿಗೆ ತೂತು, ಒಳಗೆ ನನ್ನ ಹಳೆಯ ವಾಯಿಲ್ ಸೀರೆಯ ಮೆತ್ತೆ, ಬೆನ್ನಿಗೆ ಎತ್ತರದ ಆಸರೆ. ವರಾಂಡದ ತೊಲೆಗೆ ಕಟ್ಟಿ ಅವಳನ್ನು ಅದರಲ್ಲಿ ಇಳಿಸಿದೆವು.

ಅವಳ ಪಾದ ನೆಲ ಮುಟ್ಟಿತು. ಮೈ ನೇರವಾಯಿತು. ಅವಳು ನಿಂತಿದ್ದಳು.

ತಾಯಿ ಅಂದು ಸಂತೆಗೆ ಹೋಗಲೇ ಇಲ್ಲ. ಮಗಳ ಪಕ್ಕದಲ್ಲಿ ನಿಂತು ಭುಜಕ್ಕೆ ಭುಜ ಅಳೆದಳು. "ಅಯ್ಯ, ನನ್ನಷ್ಟೇ ಎತ್ತರ ಅದಾಳಲ್ರಿ! ಹೊತ್ಕೊಂಡು ಹೊತ್ಕೊಂಡು ಗೊತ್ತೇ ಆಗಿರ್ಲಿಲ್ಲ." ಹುಡುಗಿ ಗೋಡೆಯ ಮೇಲಿಂದ ದಾರಿ ನೋಡಿ ಒಂದು ಕೂಗು ಹಾಕಿದಳು. ಬಳೆ ಹೊತ್ತು ಹೋಗುತ್ತಿದ್ದವಳು ತಿರುಗಿ ನೋಡಿ, "ಏನವ್ವಾ, ಬಳೆ ಬೇಕಾ?" ಎಂದು ಕೇಳಿದಳು. ಮಗಳನ್ನು ದಾರಿಹೋಕರು ಮಾತಾಡಿಸಿದ್ದು ಅದೇ ಮೊದಲು ಎಂದು ತಾಯಿ ಆಮೇಲೆ ಹೇಳಿದಳು.

ಸುಮಾರು ಒಂದು ವರ್ಷ ಅವಳು ಪ್ರತಿ ಸಂತೆಗೂ ನಿಂತಳು. ತಾಯಿ ಹೊರಡುವಾಗ ನಾನು, "ಹೋಗಿ ಬಾ, ನಿಧಾನವಾಗಿ ಬಾ" ಎನ್ನುವುದು, ಅವಳು, "ಅವಸರ ಇಲ್ಲ ಬಿಡ್ರಿ ಅಕ್ಕಾರೆ, ಮಗಳು ನಿಂತಾಳೆ" ಎನ್ನುವುದು ನಮ್ಮಿಬ್ಬರಿಗೂ ರೂಢಿಯಾಗಿಹೋಯಿತು.

ಆಮೇಲೆ ಆ ದಿನ. ಹುಡುಗಿಯನ್ನು ಪಟ್ಟಿಯಿಂದ ಇಳಿಸುವಾಗ ಲಂಗದ ಮೇಲೆ ಕಲೆ ಕಂಡಿತು. ತಾಯಿಯೂ ನೋಡಿದಳು. ನಾನು ಕನ್ವೆನ್ಷನಲ್ ಆಗಿ, ಸಿಹಿ ಹಂಚುವ ಸುದ್ದಿ ಎಂದು ಏನೋ ಹೇಳಲು ಹೋದೆ. ಅವಳು ಅಲ್ಲೇ ಕುಸಿದು ಕೂತಳು.

"ಮುಗೀತು ಅಕ್ಕಾರೆ. ಇನ್ನು ನಮ್ಮತ್ತೆ ಇವ್ಳನ್ನ ಹೊಸ್ತಿಲು ದಾಟಿಸಾಕೆ ಬಿಡಲ್ಲ. ನೆರೆದ ಹುಡುಗೀನ ಬೆನ್ನಿಗೆ ಕಟ್ಕೊಂಡು ಬಸ್ ಹತ್ತಾಕೆ ಆಗುತ್ತಾ ಅಂತಾರೆ."

"ಹೇಳಬೇಡ. ಯಾಕೆ ಹೇಳಬೇಕು?"

"ಬಟ್ಟೆ ಎಲ್ಲಿ ಒಗೀಲಿ? ಬಾವಿ ಅವ್ರ ಕಣ್ಣೆದುರಿಗೇ ಐತೆ."

ಉಳಿದ ತಾಯಂದಿರು ಸಂತೆಯಿಂದ ಒಬ್ಬೊಬ್ಬರೇ ವಾಪಸಾದರು. ಎಲ್ಲರಿಗೂ ವಿಷಯ ತಿಳಿಯಿತು. ಮಕ್ಕಳಿಗೆಂದು ಕೊಂಡಿದ್ದ ಕೊಬ್ಬರಿ, ಬೆಲ್ಲ, ಹೂವು ಚೀಲಗಳಿಂದ ಹೊರಬಂದವು. ಅಷ್ಟರಲ್ಲಿ ಕಾಂಪೌಂಡರ ಹೆಂಡತಿ ಗೋಡೆ ಸುತ್ತಿಕೊಂಡು ಬಂದಳು, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ, ಆರತಿ. ಅವಳ ಬಾಯಲ್ಲಿ ಅಂದು ಒಂದೂ ತಮಾಷೆ ಇರಲಿಲ್ಲ. "ಹುಡುಗೀನ ಕೂರಿಸ್ರಿ, ಆರತಿ ಮಾಡಾಣ" ಎಂದಳು.

ತಾಯಿ ಕಣ್ಣೊರೆಸಿಕೊಂಡು ಎದ್ದಳು. "ಕೂರಿಸೋದು ಬ್ಯಾಡ. ನಿಲ್ಸ್ರಿ."

ಲಂಗ ಬದಲಿಸಿ, ನನ್ನದೊಂದು ರೇಷ್ಮೆ ಸೀರೆ ಸುತ್ತಿ, ಮತ್ತೆ ಪಟ್ಟಿಯಲ್ಲಿ ನಿಲ್ಲಿಸಿದೆವು. ತಲೆ ತುಂಬ ಹೂವು. ಆರತಿಯ ದೀಪ ಆಚೀಚೆ ಹೋದ ಹಾಗೆಲ್ಲ ಅವಳ ಕತ್ತು ಅದರ ಜೊತೆಗೇ ಹೋಗುತ್ತಿತ್ತು. ಆಟ ಎಂದುಕೊಂಡಳೋ ಏನೋ, ಉಂಡೆ ಕೈಗೆ ಸಿಕ್ಕ ಮಕ್ಕಳು ನಗುವ ಹಾಗೆಯೇ ನಕ್ಕಳು. ಕಾಂಪೌಂಡರ ಹೆಂಡತಿ ಹಾಡುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ ಸೆರಗು ಬಾಯಿಗೆ ಒತ್ತಿಕೊಂಡಳು.

ಮುಂದಿನ ಸಂತೆಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ. ಆಮೇಲೆ ತಾಯಿ ಒಬ್ಬಳೇ ಬಂದಳು, ನಿಂತ ಕಾಲಲ್ಲೇ ಮಾತು. ಹುಡುಗಿಯನ್ನು ಒಳಗೆ ಮಲಗಿಸಿ ಬಾಗಿಲು ಹಾಕಿ ಬಂದಿದ್ದಾಳೆ, ಅತ್ತೆ ಹೊಲದಲ್ಲಿ, ಮೊದಲ ಬಸ್ಸಿಗೇ ಹಿಂದೆ ಹೋಗಬೇಕು. ಬಳೆಗಾರಮ್ಮನ ಕಡೆ ತಿರುಗಿಯೂ ನೋಡದೆ ಓಡಿದಳು.

ನಾನೂ ನಮ್ಮವರೂ ಅವರ ಹಳ್ಳಿಗೆ ಹೋದೆವು. ಆ ಕಡೆ ದನಗಳಿಗೆ ಚುಚ್ಚುಮದ್ದು ಹಾಕುವ ಕೆಲಸವಿತ್ತು, ಅದೇ ನೆಪ. ಅತ್ತೆ ಎಂದರೆ ಒಬ್ಬ ರಾಕ್ಷಸಿಯನ್ನು ನಾನು ಮನಸ್ಸಿನಲ್ಲಿ ಬರೆದುಕೊಂಡಿದ್ದೆ. ಎದುರಿಗೆ ಬಂದದ್ದು ಹಣೆ ತುಂಬ ವಿಭೂತಿಯ ಸಣ್ಣ ಮುದುಕಿ. ನಮಗೆ ಚಾಪೆ ಹಾಸಿ, ಮಜ್ಜಿಗೆ ಕೊಟ್ಟು, ಮೊಮ್ಮಗಳ ತಲೆ ಬಾಚುತ್ತಲೇ ಮಾತಾಡಿದಳು. ನಮ್ಮವರು ಎಷ್ಟು ಚೆನ್ನಾಗಿ, ಎಷ್ಟು ಮೆತ್ತಗೆ ಕೇಳಿದರು! ವಾರಕ್ಕೊಂದು ದಿನ, ನಾಲ್ಕು ಜನ ಹೆಂಗಸರ ನಡುವೆ, ನನ್ನ ಹೆಂಡತಿಯ ಕಣ್ಣೆದುರಿಗೆ, ಎಂದರು.

"ಡಾಕ್ಟ್ರೆ, ನೀವು ಒಳ್ಳೇರು. ನಿಮ್ಮ ಮನೆಯಾಗೆ ಏನೂ ಆಗಲ್ಲ ಬಿಡ್ರಿ. ಬಸ್ಸಿನಾಗೆ? ಸ್ಟ್ಯಾಂಡಿನಾಗೆ? ಯಾರಾದ್ರೂ ಕೈ ಹಾಕಿದ್ರೆ ಬಾಯಿ ಇದ್ದ ಹುಡುಗೀರೇ ಹೇಳಾಕೆ ಹೆದರ್ತಾವೆ. ಇದಕ್ಕೆ ಬಾಯೇ ಇಲ್ಲ. ಏನಾರ ಆದ್ರೆ ನೀವು ಜವಾಬ್ದಾರಿ ತಗಂತೀರಾ?"

ನಮ್ಮವರು ನನ್ನ ಮುಖ ನೋಡಿದರು. ಅವಳ ಹೆದರಿಕೆ ಸುಳ್ಳಲ್ಲವಲ್ಲ. ನಿಜವಾದ ಹೆದರಿಕೆಯ ಮುಂದೆ ನಾವು ಹೆಲ್ಪ್‌ಲೆಸ್ ಆಗಿ ಕೂತಿದ್ದೆವು.

ಜೀಪಿನಲ್ಲಿ ಗೋಣಿಪಟ್ಟಿ ತಂದಿದ್ದೆವು. "ಮನೆ ಒಳಗೆ ಏನ್ ಬೇಕಾದ್ರೂ ಕಟ್ಟಿ ಹೋಗ್ರಿ" ಎಂದಳು ಮುದುಕಿ. ತೊಲೆ ಗಟ್ಟಿಯಿದ್ದದ್ದು ಒಳಕೋಣೆಯಲ್ಲಿ ಮಾತ್ರ. ನಮ್ಮವರು ಹಗ್ಗ ಬಿಗಿದು ಅವಳನ್ನು ನಿಲ್ಲಿಸಿದರು. ಪಾದ ನೆಲ ಮುಟ್ಟಿತು, ಮೈ ನೇರವಾಯಿತು, ಎಲ್ಲ ಮೊದಲಿನ ಹಾಗೇ. ಎದುರಿಗೆ ಜೋಳದ ಚೀಲ, ಮಣ್ಣಿನ ಗೋಡೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಕತ್ತನ್ನು ಹಿಂದಕ್ಕೆ, ಬಾಗಿಲಿನ ಕಡೆಗೆ, ತಿರುಗಿಸಲು ನೋಡಿದಳು. ಅಷ್ಟು ಹಿಂದಕ್ಕೆ ಅದು ಬರಲಿಲ್ಲ. ನಮ್ಮವರು ಹಗ್ಗ ಬಿಚ್ಚಿ, ಬಾಗಿಲಿಗೆ ಮುಖವಾಗುವಂತೆ ತಿರುಗಿಸಿ ಕಟ್ಟಿದರು. ಬಾಗಿಲಾಚೆ ನಡುಮನೆ, ಅದರಾಚೆ ಇನ್ನೊಂದು ಬಾಗಿಲು. ಅದು ಮುಚ್ಚಿತ್ತು.

ಎಂಬತ್ತನೇ ಇಸವಿ ದಾಟಿದ ಮೇಲಿನ ಒಂದು ಚಳಿಗಾಲ. ಸಂತೆಯ ದಿನ, ವರಾಂಡದ ತುಂಬ ಮಕ್ಕಳು. ಗೇಟಿನ ಹತ್ತಿರ ಅವಳ ತಾಯಿಯನ್ನು ಕಂಡೆ. ಬೆನ್ನು ಹಾಗೇ ಮುಂದಕ್ಕೆ ಬಾಗಿತ್ತು. ನಾನು ಒಂದು ಕ್ಷಣ ಬೆನ್ನ ಮೇಲೆ ಹುಡುಗಿ ಇದ್ದಾಳೆ ಎಂದೇ ತಿಳಿದು ಎದ್ದುಬಿಟ್ಟೆ. ಹಿಂದೆ ಏನೂ ಇರಲಿಲ್ಲ. ಕಂಕುಳಲ್ಲಿ ಮಡಿಚಿದ ಗೋಣಿಪಟ್ಟಿ. ಒಗೆದು, ಬಿಸಿಲಿಗೆ ಹಾಕಿ ತಂದದ್ದು.

"ಇದು ಆಸ್ಪತ್ರೇದು ಅಂದಿದ್ರಲ್ರಿ ಡಾಕ್ಟ್ರು. ತಂದೀನಿ."

ಹುಡುಗಿಯ ಎದೆಗೆ ಕಫ ಕಟ್ಟಿತ್ತಂತೆ. ಎರಡು ದಿನ ಉಸಿರಾಡಲು ಕಷ್ಟಪಟ್ಟಳಂತೆ. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲವಂತೆ. "ಹೋಗೋ ಮುಂಚೆ ಬಾಗಿಲ ಕಡೆ ನೋಡ್ತಿದ್ಲು. ನಮ್ಮತ್ತೆನೇ ಎದ್ದು ಬೀದಿ ಬಾಗ್ಲು ತೆಗೆದ್ರು ಅಕ್ಕಾರೆ." ಇಷ್ಟನ್ನೂ ಅವಳು ನಿಂತೇ ಹೇಳಿದಳು.

ನಾನು ಕೂರಿಸಿ ಕಾಫಿ ಕೊಟ್ಟೆ. ಮಕ್ಕಳು ಗಂಟೆಗೆ ಕಾಯುತ್ತಿದ್ದರು, ಗಲಾಟೆ ಮಾಡುತ್ತಿದ್ದರು. ಅವಳ ಖಾಲಿ ಚೀಲ ಕಂಡು ಬಾಯಿಗೆ ಬಂದದ್ದು ಆ ರೂಢಿಯ ಮಾತೇ:

"ಸಂತೆಗೆ ಹೋಗಿ ಬಾ. ನಿಧಾನವಾಗಿ ಬಾ."

ಅವಳು ತಲೆ ಎತ್ತಿ ವರಾಂಡದ ತೊಲೆ ನೋಡಿದಳು. ಆಮೇಲೆ ನನ್ನನ್ನು.

"ಯಾರನ್ನ ಬಿಟ್ಟು ಹೋಗ್ಲಿ ಅಕ್ಕಾರೆ?"

ಸಂತೆ ಕರಗುವವರೆಗೂ ಅವಳು ಅಲ್ಲೇ ಕೂತಿದ್ದಳು. ಬಟ್ಟೆಯ ಉಂಡೆ ಉರುಳಿ ಹತ್ತಿರ ಬಂದಾಗಲೆಲ್ಲ ಎತ್ತಿ ಪಕ್ಕದ ಮಗುವಿನ ಕೈಗೆ ಕೊಟ್ಟಳು. ಬಸ್ಸಿನ ಹೊತ್ತಿಗೆ ಎದ್ದು, ಒಂದು ಕೈ ಹಿಂದಕ್ಕೆ ಕೊಟ್ಟುಕೊಂಡು, ಗೇಟು ದಾಟಿದಳು.