ಮ್ಯಾಗ್ನೆಟಿಕ್ ಫೀಲ್ಡ್ ಹಾಕಿದೀಯೇನಮ್ಮಾ?

ಗ್ಯಾಲಕ್ಸಿಗಳು ಹೇಗೆ ಹುಟ್ಟಿ ಬೆಳೆಯುತ್ತವೆ ಎಂಬುದು ನನ್ನ ಪಿಎಚ್‌ಡಿ ವಿಷಯ. ನಿಜವಾದ ಗ್ಯಾಲಕ್ಸಿ ಬೆಳೆಯುವುದನ್ನು ನೋಡುತ್ತ ಕೂರಲು ಯಾರ ಆಯಸ್ಸೂ ಸಾಲದು. ಹಾಗಾಗಿ ಕಂಪ್ಯೂಟರಿನೊಳಗೆ ಒಂದಿಷ್ಟು ಅನಿಲ, ಒಂದಿಷ್ಟು ಗುರುತ್ವ ಹಾಕಿ ನಾವೇ ಒಂದನ್ನು ಬೆಳೆಸುತ್ತೇವೆ. ಅದು ಆಕಾಶದಲ್ಲಿರುವಂತೆಯೇ ಕಂಡರೆ ವಿಜ್ಞಾನ, ಕಾಣದಿದ್ದರೆ ಇನ್ನೊಂದು ವರ್ಷ.

ನನ್ನ ಗೈಡ್ ಮಹಾ ಬಿಡುವಿಲ್ಲದ ಮನುಷ್ಯ. ಮನೆ ಕೆ.ಆರ್. ಪುರದ ಆಚೆ. ಸಂಜೆ ಅವರ ಕಾರು ಟಿನ್ ಫ್ಯಾಕ್ಟರಿ ಸರ್ಕಲ್ಲಿನ ಟ್ರಾಫಿಕ್ ಜಾಮಿನಲ್ಲಿ ಸಿಕ್ಕಿಕೊಂಡಾಗ ಮಾತ್ರ ಅವರಿಗೆ ನನ್ನ ನೆನಪಾಗುತ್ತಿತ್ತು. ನನಗೆ ಮಾರ್ಗದರ್ಶನ ಸಿಕ್ಕಿದ್ದೆಲ್ಲ ಫೋನಿನಲ್ಲಿ, ಹಾರ್ನ್ ಸದ್ದಿನ ನಡುವೆ. ರಸ್ತೆ ಖಾಲಿಯಿರುವ ಹಬ್ಬದ ವಾರಗಳಲ್ಲಿ ನಾನು ಅನಾಥೆ.

ಪಿಎಚ್‌ಡಿ ಸಮಿತಿಯ ಪರಿಶೀಲನೆಗೆ ಇನ್ನೂ ಒಂದು ವರ್ಷವಿತ್ತು. ಅಲ್ಲಿ ಒಪ್ಪಿಗೆ ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನನ್ನ ಗ್ಯಾಲಕ್ಸಿ ಅಷ್ಟರಲ್ಲೇ ಚೆನ್ನಾಗಿ ಬೆಳೆದಿತ್ತು. ಆಗ ಟಿನ್ ಫ್ಯಾಕ್ಟರಿಯಿಂದ ಫೋನ್ ಬಂತು.

"ಸಮಿತೀಲಿ ಆ ಹಿರಿಯರು ಇದಾರಲ್ಲ, ಮ್ಯಾಗ್ನೆಟಿಕ್ ಫೀಲ್ಡ್ ಹಾಕಿದೀಯಾ ಅಂತ ಕೇಳೇ ಕೇಳ್ತಾರೆ. ಹಾಕ್ಬಿಡಮ್ಮ."

"ಸಾರ್, ಅದರಿಂದ ನನ್ನ ರಿಸಲ್ಟ್ ಬದಲಾಗಲ್ಲ ಅನ್ಸುತ್ತೆ."

"ಅನ್ಸಿದ್ರೆ ಸಾಲ್ದು... ಅಯ್ಯೋ, ಈ ಬಸ್ಸಿನೋನು ಎಲ್ಲಿ ನುಗ್ತಾನೆ ನೋಡು!"

ಆ ಹಿರಿಯರು ನಿವೃತ್ತರು. ರಿಚರ್ಡ್ಸ್ ಟೌನಿನ ಮನೆಯಿಂದ ಇಂಥ ಸಮಿತಿಗಳಿಗಷ್ಟೇ ಬರುವವರು. ಯಾರು ಮಾತಾಡಿದರೂ ಎರಡನೇ ಸ್ಲೈಡಿಗೆ ನಿದ್ದೆ, ಚಪ್ಪಾಳೆಗೆ ಎಚ್ಚರ, ಎಚ್ಚರವಾದೊಡನೆ ಅದೇ ಪ್ರಶ್ನೆ. ನಮ್ಮ ವಿದ್ಯೆಯಲ್ಲಿ ಕೇಳುವವರಿಗೆ ಇಷ್ಟು ಕ್ಷೇಮದ ಪ್ರಶ್ನೆ ಇನ್ನೊಂದಿಲ್ಲ. ಮ್ಯಾಗ್ನೆಟಿಕ್ ಫೀಲ್ಡ್ ಎಂಬ ಈ ಕಾಂತಕ್ಷೇತ್ರ ಎಲ್ಲೆಲ್ಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ತರುವುದು ಪ್ರಾಣಸಂಕಟ, ಆದ್ದರಿಂದ ಹೆಚ್ಚಿನವರು ತಂದಿರುವುದಿಲ್ಲ. ಕೇಳಿದವರು ಜಾಣರಂತೆ ಕಾಣುತ್ತಾರೆ.

ಹಾಕಿದೆ. ವರ್ಷ ಹಿಡಿಯಿತು. ಲೆಕ್ಕ ನಡುವೆಯೇ ಕೆಟ್ಟು ನಿಲ್ಲುವುದು, ನಾನು ಮತ್ತೆ ಮೊದಲಿನಿಂದ ಶುರುಮಾಡುವುದು. ಮದುವೆ ಮುಂಜಿ ಎಲ್ಲ ಬಿಟ್ಟೆ, ಅಮ್ಮನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಕೊನೆಗೆ ಗ್ಯಾಲಕ್ಸಿಯ ಹಳೆಯ ಚಿತ್ರವನ್ನೂ ಹೊಸ ಚಿತ್ರವನ್ನೂ ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ನನಗೇ ತಿಳಿಯಲಿಲ್ಲ.

ಪರಿಶೀಲನೆಯ ದಿನ ಹಿರಿಯರು ಮಲಗಿದರು, ಎದ್ದರು, ಕೇಳಿದರು.

"ಹಾಕಿದೀನಿ ಸಾರ್. ಏನೂ ವ್ಯತ್ಯಾಸ ಆಗಲ್ಲ," ಎಂದೆ, ಎದೆಯುಬ್ಬಿಸಿ.

"ಗೊತ್ತು. ಇಂಥ ಗ್ಯಾಲಕ್ಸೀಲಿ ಆಗಲ್ಲ."

"ಮತ್ತೆ ಯಾಕೆ ಕೇಳಿದ್ರಿ ಸಾರ್?" ತಡೆಯಲಾಗದೆ ಬಾಯಿಂದ ಬಂದುಬಿಟ್ಟಿತು. ಗೈಡ್ ತಲೆಯೆತ್ತಿ ಫ್ಯಾನ್ ನೋಡತೊಡಗಿದರು.

ಹಿರಿಯರಿಗೇನೂ ಸಿಟ್ಟು ಬರಲಿಲ್ಲ. "ಏನಾದ್ರೂ ಕೇಳ್ಬೇಕಲ್ಲಮ್ಮಾ," ಎಂದು ಬಿಸ್ಕತ್ತಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡರು.

ಪಾಸು ಮಾಡಿದರು. ಕೈಕುಲುಕಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ವರ್ಷವನ್ನು ಯಾರೋ ಆಕಳಿಸುತ್ತ ತಿಂದುಹಾಕಿದ್ದರು, ಅದಕ್ಕೆ ನಾನೇ ಥ್ಯಾಂಕ್ಸ್ ಹೇಳಿ ಬಂದಿದ್ದೆ.

ಮನೆಗೆ ಬರುವಾಗ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಅಮ್ಮ ಸೊಪ್ಪಿನ ಚೀಲ ಹಿಡಿದು ಎದುರಾದಳು.

"ಏನಾಯ್ತೇ?"

"ಪಾಸು."

"ತುಂಬಾ ಪ್ರಶ್ನೆ ಕೇಳಿದ್ರಾ?"

"ಒಂದೇ."

ಅಮ್ಮನ ಮುಖ ಅರಳಿತು. "ಅಷ್ಟೇನಾ? ಸುಲಭ ಇತ್ತು ಬಿಡು. ಸುಮ್ನೆ ಒಂದ್ವರ್ಷ ಹೆದರ್ಕೊಂಡಿದ್ದೆ ನೀನು."